ವೇಲ್ಸ್ ಗಿರಿಮಾರ್ಗ ಲಕ್ಷಣ ಸಂಗ್ರಹ

ಪೀಠಿಕೆ

ಕಾವ್ಯಕ್ಕೆ ಲಕ್ಷಣಗ್ರಂಥವಿದೆ; ಛಂದಸ್ಸಿಗಿದೆ, ಕುದುರೆಯ ಸುಳಿಗಿದೆ, ಅಡುಗೆಗೂ ಇದೆ. ಬೈಕು ಹತ್ತಿ, ಕಾರು ಹತ್ತಿ, ಯಾವ ಕೆಲಸವೂ ಇಲ್ಲದೆ ಬೆಟ್ಟ ಸುತ್ತುವ ಮಹಾಜನಕ್ಕೆ ಮಾತ್ರ ಶಾಸ್ತ್ರವೆಂಬುದು ಒದಗಿಲ್ಲ. ಅವರ ಬಳಿ ನಕ್ಷೆಯುಂಟು, ರೇನ್‌ಕೋಟುಂಟು, ಅಭಿಪ್ರಾಯವಂತೂ ಬೇಕಾದಷ್ಟುಂಟು. ಲಕ್ಷಣವಿಲ್ಲದೆ ಅಭಿಪ್ರಾಯ ಹೇಳುವುದು ವಿದ್ವತ್ಸಭೆಗೆ ಒಪ್ಪದ ಕಾರಣ ಈ ಸಂಗ್ರಹವನ್ನು ಬರೆಯಬೇಕಾಯಿತು.

ಲಕ್ಷ್ಯವಾಗಿ ಆರಿಸಿಕೊಂಡದ್ದು ವೇಲ್ಸ್. ಬ್ರಿಟನ್ ದ್ವೀಪದ ಪಶ್ಚಿಮ ಮಗ್ಗುಲಿನ ಸಣ್ಣ ದೇಶ. ಅಲ್ಲಿನ ಅತಿ ಎತ್ತರದ ಶಿಖರ ಯರ್ ವಿಡ್ವಾ, ಹೊರಗಿನವರು ಸ್ನೋಡನ್ ಎನ್ನುವುದು, 1,085 ಮೀಟರ್. ವಾಹನ ಹೋಗುವ ಅತಿ ಎತ್ತರದ ಘಾಟಿ ಗಾಸ್ಪೆಲ್ ಪಾಸ್ 549 ಮೀಟರ್. ಹಿಮಾಲಯ ಕಂಡವರು ಈ ಅಂಕಿಗಳಿಗೆ ಮುಗುಳ್ನಗಬಹುದು. ಆದರೆ ಎತ್ತರ ಬೆಟ್ಟದ ಗುಣವೇ ಹೊರತು ರಸ್ತೆಯ ಗುಣವಲ್ಲ. ರಸ್ತೆಯ ಗುಣ ಯಾವುದೆಂಬುದೇ ಇಲ್ಲಿನ ಜಿಜ್ಞಾಸೆ.

ಪರಮತ ಖಂಡನೆ

ಈ ವಿಷಯದಲ್ಲಿ ಮೂರು ಮತಗಳು ಪ್ರಚಾರದಲ್ಲಿವೆ.

ಮೊದಲನೆಯದು ಸರ್ಕಾರಿ ಮತ. 1920ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆ ರಸ್ತೆಗಳಿಗೆ ಎ, ಬಿ ಎಂದು ಅಕ್ಷರ ಕೊಟ್ಟು ಸಂಖ್ಯೆ ಹಚ್ಚಿತು. ಎ4 ಮತ್ತು ಎ5 ರಸ್ತೆಗಳ ನಡುವಿನ ಸೀಮೆಯಲ್ಲಿ ಹುಟ್ಟಿದವು 4ರಿಂದ ಶುರು; ಎ5ರ ಆಚೆ ಹುಟ್ಟಿದವು 5ರಿಂದ. ಗೋತ್ರ ಹೇಳಲು ಇದು ಸಾಕು, ಗುಣ ಹೇಳಲು ಸಾಲದು. ಕಾರ್ಡಿಫ್‌ನಿಂದ ಉತ್ತರದ ಕಡಲಂಚಿನ ಲಾಂಡಿಡ್ನೊವರೆಗೆ 186 ಮೈಲಿ ಹೋಗುವ ಎ470ನ್ನೇ ನೋಡಿ. ದಕ್ಷಿಣದಲ್ಲಿ ಅದು ನಾಲ್ಕು ಪಥದ ದೊರೆ. ಉತ್ತರಕ್ಕೆ ಹೋದಂತೆ ಕಲ್ಲುಗೋಡೆಗಳ ನಡುವೆ ಮೈ ಕುಗ್ಗಿಸಿಕೊಳ್ಳುತ್ತದೆ. ಎರಡಕ್ಕೂ ಒಂದೇ ಹೆಸರು. ಆದ್ದರಿಂದ ಈ ಮತಕ್ಕೆ ಅತಿವ್ಯಾಪ್ತಿ ದೋಷ.

ಎರಡನೆಯದು ಪತ್ರಿಕಾ ಮತ. ತಿರುವು ಹೆಚ್ಚಾದಷ್ಟೂ, ವೇಗ ಕೂಡಿದಷ್ಟೂ ರಸ್ತೆ ಉತ್ತಮವೆಂದು ಮೋಟಾರು ಪತ್ರಿಕೆಗಳವರ ವಾದ. ಎ5, ಎ543, ಬಿ4501 ಕೂಡಿದ ಉತ್ತರದ ತ್ರಿಕೋನಕ್ಕೆ ‘ಇವೊ’ ಪತ್ರಿಕೆಯ ಹೆಸರೇ ಅಂಟಿಕೊಂಡಿತು. ಆ ಕೀರ್ತಿಯನ್ನು ನಂಬಿ ಬಂದವರನ್ನು ಎದುರುಗೊಳ್ಳಲು ಅಲ್ಲಿ ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳೂ ಬಂದವು. ವೇಗ ತಗ್ಗಿಸಿದರೂ ಆ ರಸ್ತೆಯ ಸೊಗಸು ತಗ್ಗಿಲ್ಲವಾದ್ದರಿಂದ ವೇಗ ಲಕ್ಷಣವಲ್ಲವೆಂದು ಸಿದ್ಧಿಸಿತು. ಇಲ್ಲಿರುವುದು ಅವ್ಯಾಪ್ತಿ.

ಮೂರನೆಯದು ಪ್ರವಾಸಿ ಮತ: ನೋಟ ಚೆನ್ನಾಗಿದ್ದರೆ ರಸ್ತೆ ಚೆನ್ನ. ಯರ್ ವಿಡ್ವಾಗೆ ಅಂಟಿಕೊಂಡ ಕ್ರಿಬ್ ಗೋಚ್ ಎಂಬ ಏಣಿನ ಮೇಲೆ ವರ್ಷಕ್ಕೆ 4,400 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮೋಡ ಇಳಿದ ದಿನ ಮುಂದಿನ ಬೈಕಿನ ಕೆಂಪು ದೀಪ ಕಂಡರೆ ಅದೇ ದೃಶ್ಯ. ನೋಟವೇ ಲಕ್ಷಣವಾದರೆ ವರ್ಷದ ಬಹುಭಾಗ ಅಲ್ಲಿ ರಸ್ತೆಯೇ ಇಲ್ಲವೆನ್ನಬೇಕಾಗುತ್ತದೆ. ಇದು ಅಸಂಭವ ದೋಷ.

ಮೂರು ಮತಗಳೂ ಬಿದ್ದುಹೋದ ಮೇಲೆ ನಮ್ಮ ಸೂತ್ರ ಇದು.

ಸೂತ್ರ 1: ಸುತ್ತಿದವರಿಂದಲ್ಲ, ಬೆವರಿದವರಿಂದ ಮಾರ್ಗಭೇದ.

ವೃತ್ತಿ: ವೇಲ್ಸಿನ ಯಾವ ಹಳೆಯ ಗಿರಿಮಾರ್ಗವೂ ವಿಹಾರಕ್ಕಾಗಿ ಹುಟ್ಟಿದ್ದಲ್ಲ. ಒಂದೊಂದರ ಹಿಂದೆ ಒಂದೊಂದು ತುರ್ತು ಕೆಲಸವಿತ್ತು. ಆ ಕೆಲಸ ಮುಗಿದಿದೆ, ತಿರುವು ಉಳಿದಿದೆ. ಯಾರ ಕೆಲಸಕ್ಕೆ ಯಾವ ತಿರುವು ಎಂದು ಕಂಡುಕೊಂಡರೆ ವರ್ಗೀಕರಣ ತಾನಾಗಿ ಆಗುತ್ತದೆ. ಭೇದಗಳು ಆರು.

ಮಾರ್ಗ ಪ್ರಕರಣ

ಒಂದು, ಯಾತ್ರಾಮಾರ್ಗ. ಬಾಲಾ ಊರಿನ ಕಡೆಯಿಂದ ದಿನಾಸ್ ಮೌದ್ವಿಯ ಕಡೆಗೆ ದಾಟುವ ಬುಲ್ಖ್ ಅ ಗ್ರೋಯ್ಸ್ ಘಾಟಿ, 545 ಮೀಟರ್. ಉತ್ತರದ ಭಕ್ತರು ನೈರುತ್ಯ ತುದಿಯ ಸೇಂಟ್ ಡೇವಿಡ್ಸ್ ಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ದಾರಿ, ನೆತ್ತಿಯಲ್ಲಿ ಶಿಲುಬೆಯಿದೆ. ಸೇಂಟ್ ಡೇವಿಡ್ಸ್‌ಗೆ ಎರಡು ಸಲ ಹೋದರೆ ರೋಮಿಗೆ ಒಂದು ಸಲ ಹೋದ ಪುಣ್ಯವೆಂದು 12ನೇ ಶತಮಾನದಲ್ಲಿ ಪೋಪ್ ಎರಡನೇ ಕ್ಯಾಲಿಕ್ಸ್ಟಸ್ ಅನುಗ್ರಹಿಸಿದರೆಂದು ಪ್ರತೀತಿ. ಪುಣ್ಯ ಅರ್ಧ ದರಕ್ಕೆ ಸಿಕ್ಕುವಾಗ ಏರಿನ ಬಗ್ಗೆ ಯಾರು ತಕರಾರು ಮಾಡಿಯಾರು? ಯಾತ್ರಾಮಾರ್ಗದ ಲಕ್ಷಣ ಏರನ್ನು ಬಳಸದೆ ನೇರ ಎದುರಿಸುವುದು. ಕೆಲವೆಡೆ ನಾಲ್ಕು ಅಡಿ ಮುಂದೆ ಹೋದರೆ ಒಂದಡಿ ಮೇಲೆ. 20ನೇ ಶತಮಾನದ ಮೊದಲರ್ಧದಲ್ಲಿ ಆಸ್ಟಿನ್ ಕಂಪನಿ ತನ್ನ ಕಾರುಗಳನ್ನು ಪರೀಕ್ಷೆಗೆ ಇಲ್ಲಿಗೆ ತರುತ್ತಿತ್ತು. ಭಕ್ತರ ಮೊಣಕಾಲಿಗೆ ಇಟ್ಟ ಪರೀಕ್ಷೆಯನ್ನೇ ರೇಡಿಯೇಟರಿಗೂ ಇಟ್ಟರೆಂದು ತಿಳಿಯತಕ್ಕದ್ದು.

ಎರಡು, ಗೋಮಾರ್ಗ. ಟ್ರೆಗಾರನ್ ಊರಿನಿಂದ ಅಬರ್‌ಗ್ವೆಸಿನ್ ಕಡೆಗೆ ಕೇಂಬ್ರಿಯನ್ ಬೆಟ್ಟಗಳನ್ನು ದಾಟುವ ಒಂಟಿ ಪಥದ ರಸ್ತೆ. ರೈಲು ಬರುವ ಮೊದಲು ವೇಲ್ಸಿನ ಕಪ್ಪು ದನಗಳನ್ನು ಇಂಗ್ಲೆಂಡಿನ ಸಂತೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದದ್ದು ಇಂಥ ದಾರಿಗಳಲ್ಲಿ. ದೂರದ ಪಯಣಕ್ಕೆ ಗೊರಸು ತಡೆಯದೆಂದು ದನಗಳಿಗೂ ಲಾಳ ಹೊಡೆಯುತ್ತಿದ್ದರು. ಸೀಳು ಗೊರಸಾದ್ದರಿಂದ ಕಾಲಿಗೆ ಎರಡರಂತೆ ದನವೊಂದಕ್ಕೆ ಎಂಟು ತುಂಡು. ಹೆಬ್ಬಾತುಗಳನ್ನು ಮೊದಲು ಟಾರಿನಲ್ಲಿ, ಆಮೇಲೆ ಮರಳಿನಲ್ಲಿ ನಡೆಸಿ ಅವುಗಳ ಪಾದಕ್ಕೂ ಜೋಡು ತೊಡಿಸುತ್ತಿದ್ದರು. ಅಂದರೆ ಈ ರಸ್ತೆಗೆ ಡಾಂಬರು ಬರುವ ಮೊದಲೇ ಇದರ ಮೇಲೆ ನಡೆದ ಹಕ್ಕಿಗಳ ಕಾಲಿಗೆ ಬಂದಿತ್ತು. ದನ ಮಾರಿದ ರೊಕ್ಕವನ್ನು ಕಳ್ಳರ ದಾರಿಯಲ್ಲಿ ಹೊತ್ತು ತರುವ ಪಾಡು ತಪ್ಪಿಸಲು ಡೇವಿಡ್ ಜೋನ್ಸ್ ಎಂಬಾತ 1799ರಲ್ಲಿ ಲಾಂಡವರಿಯಲ್ಲಿ ‘ಕರಿ ಎತ್ತಿನ ಬ್ಯಾಂಕ್’ ತೆರೆದ. ಅದರ ನೋಟಿನ ಮೇಲೆ ಎತ್ತಿನ ಚಿತ್ರ. 1909ರಲ್ಲಿ ಅದು ಲಾಯ್ಡ್ಸ್ ಬ್ಯಾಂಕಿನಲ್ಲಿ ಸೇರಿಹೋಯಿತು.

ಗೋಮಾರ್ಗದ ಲಕ್ಷಣ: ದನ ಎಲ್ಲಿ ತಾನಾಗಿ ತಿರುಗಿತೋ ಅಲ್ಲಿ ತಿರುವು, ಎಲ್ಲಿ ನೀರು ಕಂಡಿತೋ ಅಲ್ಲಿ ಇಳಿಜಾರು. ಹೀಗಾಗಿ ಮುಂದಿನ ತಿರುವನ್ನು ಯಾವ ಗಣಿತದಿಂದಲೂ ಊಹಿಸಲಾಗದು. ‘ಸೈತಾನನ ಮೆಟ್ಟಿಲು’ ಎಂದು ಹೆಸರಾದ ತಿರುವುಗಳು ಇದೇ ರಸ್ತೆಯಲ್ಲಿವೆ. ಮೊದಲ ಗೇರಿಗೆ ಇಳಿಯಬೇಕೆಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಎಂಜಿನ್ನೇ ನರಳಿ ಹೇಳುತ್ತದೆ.

ಮೂರು, ಸುಂಕಮಾರ್ಗ. ಲಾಂಗಾಡಾಗ್‌ನಿಂದ ಬ್ರಿನಾಮನ್‌ಗೆ ಬ್ಲ್ಯಾಕ್ ಮೌಂಟನ್ ದಾಟುವ ಎ4069 ಇಂದು ಟೀವಿಯ ಕಾರು ಕಾರ್ಯಕ್ರಮಗಳಿಂದ ಜಗತ್ಪ್ರಸಿದ್ಧ. ಅದರ ಹೇರ್‌ಪಿನ್ ತಿರುವಿನಲ್ಲಿ ಫೋಟೊ ತೆಗೆಸಿಕೊಳ್ಳುವವರು ನೆತ್ತಿಯ ಮೇಲಿನ ಕಲ್ಲಿನ ಗುಂಡಿಗಳನ್ನೂ ಪಾಳುಬಿದ್ದ ಗೂಡುಗಳನ್ನೂ ನೋಡುವುದು ಕಡಿಮೆ. ಅವು ಸುಣ್ಣದ ಕ್ವಾರಿ, ಸುಣ್ಣದ ಗೂಡು. ಹುಳಿ ಮಣ್ಣಿನ ಹೊಲಗಳಿಗೆ ಸುಣ್ಣ ಹಾಕದೆ ಬೆಳೆಯಿಲ್ಲ. ಸುಣ್ಣದ ಗಾಡಿ ಕಟ್ಟಿದ ರೈತ ಒಂದಾದ ಮೇಲೊಂದು ಸುಂಕದ ಗೇಟಿನಲ್ಲಿ ಕಾಸು ಎಣಿಸಬೇಕಿತ್ತು. ಸಹನೆ ಮುಗಿದು, 1839ರಲ್ಲಿ ಎವೈಲ್‌ವೆನ್ ಎಂಬಲ್ಲಿ ಗಂಡಸರು ಹೆಂಗಸರ ಉಡುಗೆ ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು, ‘ರೆಬೆಕಾ ಮತ್ತು ಅವಳ ಹೆಣ್ಣುಮಕ್ಕಳು’ ಎಂದು ಹೇಳಿಕೊಂಡು ಗೇಟು ಒಡೆದರು. ಈ ಹಾವಳಿ 1843ರವರೆಗೆ ನೈರುತ್ಯ ವೇಲ್ಸನ್ನು ಅಲ್ಲಾಡಿಸಿತು. 1844ರ ಕಾಯ್ದೆ ಸುಣ್ಣದ ಸುಂಕವನ್ನು ಅರ್ಧಕ್ಕಿಳಿಸಿತು. ಹೆದ್ದಾರಿಯ ಟೋಲ್ ಗೇಟಿನಲ್ಲಿ ಹಲ್ಲು ಕಡಿಯುವ ಎಲ್ಲ ದೇಶದವರೂ ಈ ರಸ್ತೆಯಲ್ಲಿ ಒಂದು ಗಳಿಗೆ ಎಂಜಿನ್ ಆರಿಸಿ ನಿಲ್ಲುವುದು ಶಾಸ್ತ್ರಸಮ್ಮತ.

ನಾಲ್ಕು, ಅಂಚೆಮಾರ್ಗ. ಇದಕ್ಕೆ ಪ್ರಯೋಗ ಎ5. 1801ರಲ್ಲಿ ಐರ್ಲೆಂಡ್ ಬ್ರಿಟನ್ನಿನೊಡನೆ ಸೇರಿದ ಮೇಲೆ ಐರಿಷ್ ಸಂಸದರು ಲಂಡನ್ನಿಗೆ ಬಂದು ಹೋಗಬೇಕಾಯಿತು. ಮಧ್ಯೆ ವೇಲ್ಸಿನ ಬೆಟ್ಟಗಳಲ್ಲಿ ಅವರ ಬೆನ್ನುಮೂಳೆಗಳು ಸಡಿಲಗೊಂಡವು. ಸಂಸದರ ಬೆನ್ನುನೋವು ಬೇಗ ಕಾನೂನಾಗುವುದು ಎಲ್ಲ ಕಾಲದ ಧರ್ಮ. 1815ರಲ್ಲಿ ಹಣ ಮಂಜೂರಾಗಿ ಥಾಮಸ್ ಟೆಲ್ಫೋರ್ಡ್ ಕೆಲಸ ಹಿಡಿದ. ಅವನ ನಿಯಮ ಒಂದೇ: ಅಂಚೆಗಾಡಿಯ ಕುದುರೆ ಏದುಸಿರು ಬಿಡಬಾರದು. ಬೆಟ್ಟ ಎಷ್ಟೇ ಕಡಿದಾಗಿರಲಿ, ಏರು ಇಪ್ಪತ್ತಕ್ಕೆ ಒಂದರ ಸುಮಾರಿಗೆ ನಿಲ್ಲಬೇಕು. ಓಗ್ವೆನ್ ಸರೋವರದ ಪಕ್ಕದಿಂದ ನಾಂಟ್ ಫ್ರಾಂಕನ್ ಕಣಿವೆಗೆ ಇಳಿಯುವಾಗ ಸುತ್ತಲೂ ಬಂಡೆ ಬಾಯ್ತೆರೆದಿದ್ದರೂ ಬೈಕು ಒಂದೇ ಗೇರಿನಲ್ಲಿ ಜಾರುತ್ತದೆ. ಮುಗಿದುಹೋದ ಕುದುರೆಗಳ ಶ್ವಾಸಕೋಶಕ್ಕೆ ತೋರಿದ ಕರುಣೆ ಇಂದು ಪೆಟ್ರೋಲ್ ಟ್ಯಾಂಕಿಗೆ ಸಲ್ಲುತ್ತಿದೆ. ಬೆಟುಸ್-ಅ-ಕೋಯ್ಡ್‌ನಲ್ಲಿ ಅವನ ಬೀಡುಕಬ್ಬಿಣದ ಸೇತುವೆಯ ಕಮಾನಿನ ಮೇಲೆ, ವಾಟರ್ಲೂ ಯುದ್ಧ ನಡೆದ ವರ್ಷವೇ ಇದನ್ನೂ ಕಟ್ಟಲಾಯಿತೆಂದು ಎರಕದಲ್ಲೇ ಬರೆದಿದೆ. ಮೆನಾಯ್ ಜಲಸಂಧಿಯ ತೂಗುಸೇತುವೆ 1826ರ ಜನವರಿ 30ರಂದು ತೆರೆದು ಮಾರ್ಗ ಪೂರ್ಣವಾಯಿತು.

ಐದು, ಜಲಮಾರ್ಗ. ದೋಣಿಯ ದಾರಿಯೆಂದು ಭ್ರಮಿಸತಕ್ಕದ್ದಲ್ಲ. ನೀರು ಒಯ್ಯಲು ಬಂದವರು ಮಾಡಿಹೋದ ದಾರಿ. ಇದು ಎರಡು ಬಗೆ: ನೋಡಿ ಹಿಗ್ಗುವುದು, ನೋಡಿ ತಲೆ ತಗ್ಗಿಸುವುದು. ರಾಯಡರ್ ಬಳಿಯ ಎಲಾನ್ ಕಣಿವೆಯಲ್ಲಿ ಬರ್ಮಿಂಗ್‌ಹ್ಯಾಮ್ ನಗರಕ್ಕಾಗಿ 1893ರಿಂದ ಕಟ್ಟಿದ ಅಣೆಕಟ್ಟೆಗಳನ್ನು 1904ರಲ್ಲಿ ಏಳನೇ ಎಡ್ವರ್ಡ್ ದೊರೆ ಉದ್ಘಾಟಿಸಿದ. ಅಲ್ಲಿಂದ ನೀರು 73 ಮೈಲಿ ದೂರ ಯಾವ ಪಂಪಿನ ಹಂಗೂ ಇಲ್ಲದೆ, ಗಂಟೆಗೆ ಎರಡು ಮೈಲಿಗಿಂತ ಕಡಿಮೆ ವೇಗದಲ್ಲಿ, ಸುಮಾರು ಒಂದೂವರೆ ದಿನ ಹರಿದು ಊರು ಸೇರುತ್ತದೆ. ಈ ಸೀಮೆಯ ಅತ್ಯಂತ ಶಿಸ್ತಿನ ಪ್ರಯಾಣಿಕ ಅದೇ.

ಎರಡನೆಯ ಬಗೆಗೆ ಪ್ರಯೋಗ ಬಾಲಾದಿಂದ ಟ್ರೌಸ್‌ವನಿಥ್‌ಗೆ ಹೋಗುವ ಎ4212. ಅಗಲ, ನುಣುಪು, ದೂರದವರೆಗೆ ಕಾಣುವ ದೊಡ್ಡ ತಿರುವುಗಳು, ಬೈಕಿನವರಿಗೆ ಅಚ್ಚುಮೆಚ್ಚು. ಅದರ ಪಕ್ಕದ ಲಿನ್ ಕೆಲಿನ್ ಜಲಾಶಯದ ಅಡಿಯಲ್ಲಿ ಕಾಪೆಲ್ ಕೆಲಿನ್ ಎಂಬ ಊರಿದೆ: ಶಾಲೆ, ಪೋಸ್ಟ್ ಆಫೀಸು, ಚಾಪೆಲ್ಲು, ಮನೆಗಳು. ಲಿವರ್‌ಪೂಲ್ ನಗರಕ್ಕೆ ನೀರು ಬೇಕೆಂದು 1957ರಲ್ಲಿ ಲಂಡನ್ನಿನ ಸಂಸತ್ತು ಮಸೂದೆ ಪಾಸು ಮಾಡಿದಾಗ ವೇಲ್ಸಿನ ಒಬ್ಬ ಸಂಸದನೂ ಪರವಾಗಿ ಮತ ಹಾಕಲಿಲ್ಲ. 1965ರಲ್ಲಿ ಊರು ಮುಳುಗಿತು. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ. ಬರ ಬಿದ್ದು ನೀರಿಳಿದ ವರ್ಷ ಹಳೆಯ ಗೋಡೆಗಳ ಕಲ್ಲು ಮೇಲೆ ಕಾಣುತ್ತವೆ. ಈ ರಸ್ತೆಯ ನುಣುಪನ್ನು ಹೊಗಳುವವರು ಇಷ್ಟನ್ನು ತಿಳಿದು ಹೊಗಳಬೇಕು. ಶಾಸ್ತ್ರಕ್ಕೆ ಇಲ್ಲಿ ಹಾಸ್ಯ ವರ್ಜ್ಯ.

ಆರು, ಕೂಲಿಮಾರ್ಗ. ದಕ್ಷಿಣದ ರೊಂಡಾ ಕಣಿವೆಗಳ ಮೇಲೆ ಬುಲ್ಖ್ ಎಂದೇ ಕರೆಯುವ ಘಾಟಿಯಿದೆ. 1920ರ ದಶಕದಲ್ಲಿ ಕಲ್ಲಿದ್ದಲು ಗಣಿಗಳಲ್ಲಿ ಕೆಲಸ ಹೋದವರ ಕೈಯಲ್ಲಿ ಮಾಡಿಸಿದ ರಸ್ತೆ ಅದು. ಭೂಮಿಯ ಹೊಟ್ಟೆಯಲ್ಲಿ ಬಗ್ಗಿ ದುಡಿದವರನ್ನು ಬೆಟ್ಟದ ನೆತ್ತಿಗೆ ಹತ್ತಿಸಿ ಅದೇ ಗುದ್ದಲಿ ಕೊಟ್ಟರು. ಭಾನುವಾರ ಬೈಕುಗಳ ಸಾಲು ಅಲ್ಲಿ ನಿಲ್ಲುತ್ತದೆ. ಐಸ್‌ಕ್ರೀಂ ಗಾಡಿಗೆ ವ್ಯಾಪಾರ ಜೋರು. ಕೆಳಗೆ ಸಾಲುಮನೆಗಳು ಕಣಿವೆಯುದ್ದಕ್ಕೂ ಕಾಣುತ್ತವೆ, ಗಣಿಗಳು ಕಾಣುವುದಿಲ್ಲ.

ಸೂತ್ರ 2: ಸವಾರರು ನಾಲ್ವರು, ನಾಯಕರಂತೆ.

ವೃತ್ತಿ: ಆಲಂಕಾರಿಕರು ಹೇಳಿದ ನಾಲ್ಕು ಬಗೆಯ ನಾಯಕರೇ ಇಲ್ಲಿಯೂ ಸಾಕು, ಹೊಸದಾಗಿ ಕಲ್ಪಿಸುವುದು ಗೌರವದೋಷ.

ಧೀರೋದ್ಧತನು ಚರ್ಮದ ಒಂದೇ ತುಂಡಿನ ಉಡುಪು ತೊಟ್ಟು, ಟ್ಯಾಂಕಿನ ಮೇಲೆ ಮಲಗಿ, ಅಚ್ಚುಹಸಿರಿನ ಬೈಕಿನಲ್ಲಿ ಹೋಗುವವನು. ಅವನನ್ನು ಕಾಣುವ ಮೊದಲು ಕೇಳುತ್ತೇವೆ. ಧೀರಲಲಿತನು ಎರಡೂ ಕಡೆ ಅಲ್ಯೂಮಿನಿಯಂ ಪೆಟ್ಟಿಗೆ ಕಟ್ಟಿದ ಎತ್ತರದ ಬೈಕಿನಲ್ಲಿ ಬರುವವನು. ಮಂಗೋಲಿಯಾ ದಾಟಲು ಸಾಲುವಷ್ಟು ಸಾಮಾನು ಹೊತ್ತು ಚಹಾ ಮತ್ತು ಕೇಕಿನವರೆಗೆ ಹೋಗಿ ಹಿಂದಿರುಗುವನು. ಧೀರಶಾಂತನು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು, ತನ್ನ ಹಿಂದೆ ಹದಿನಾಲ್ಕು ವಾಹನ ಸಾಲುಗಟ್ಟಿರುವುದನ್ನು ಅರಿಯದೆ, ಪತ್ನಿಗೆ ಬೆಟ್ಟ ತೋರಿಸುವವನು. ಇನ್ನು ಧೀರೋದಾತ್ತ. ಇವನನ್ನು ಸುಲಭವಾಗಿ ಗುರುತಿಸಲಾಗದು. ಕೆಂಪು ಬಣ್ಣದ ಅಂಚೆ ವ್ಯಾನಿನಲ್ಲಿಯೋ, ಹಿಂದೆ ನಾಯಿ ಕೂರಿಸಿಕೊಂಡ ನಾಲ್ಕು ಗಾಲಿಯ ಫಾರ್ಮ್ ಬೈಕಿನಲ್ಲಿಯೋ ಇರುತ್ತಾನೆ ಅಥವಾ ಇರುತ್ತಾಳೆ. ಒಂಟಿ ಪಥದಲ್ಲಿ ಎಲ್ಲರಿಗಿಂತ ವೇಗವಾಗಿ, ಎಲ್ಲರಿಗಿಂತ ನಿಶ್ಚಿಂತೆಯಿಂದ ಹೋಗುತ್ತಾರೆ. ಕಾರಣವಿಷ್ಟೇ: ನಾಲ್ವರಲ್ಲಿ ಈ ರಸ್ತೆಯಲ್ಲಿ ಕೆಲಸವಿರುವುದು ಇವರೊಬ್ಬರಿಗೇ.

ಇಲ್ಲೊಂದು ಉಪಾಖ್ಯಾನ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ. ಇ. ಲಾರೆನ್ಸ್ ಹುಟ್ಟಿದ್ದು 1888ರಲ್ಲಿ ವೇಲ್ಸಿನ ಟ್ರೆಮಾಡಾಗ್‌ನಲ್ಲಿ. 1935ರಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ತನ್ನ ಬ್ರಫ್ ಸುಪೀರಿಯರ್ ಬೈಕಿನಿಂದ ಬಿದ್ದು ತೀರಿಕೊಂಡ. ಅವನಿಗೆ ಚಿಕಿತ್ಸೆ ಮಾಡಿದವರಲ್ಲೊಬ್ಬನಾದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಆ ಸಾವಿನಿಂದ ಕಲಕಿ ಸವಾರರ ತಲೆಪೆಟ್ಟಿನ ಬಗ್ಗೆ ಅಧ್ಯಯನ ನಡೆಸಿದ. ಹೆಲ್ಮೆಟ್ ರೂಢಿಗೆ ಬರಲು ಅದು ದೊಡ್ಡ ಕಾರಣವಾಯಿತು. ನಾಲ್ಕು ಬಗೆಯ ನಾಯಕರಿಗೂ ಕಿರೀಟ ಒಂದೇ.

ವಿಘ್ನ ಪ್ರಕರಣ

ಸೂತ್ರ 3: ವಿಘ್ನವೆಂದರೆ ಮೊದಲಿಗೆ ಕುರಿ, ಮಿಕ್ಕವು ಅದರ ನಂತರ.

ವೃತ್ತಿ: ವೇಲ್ಸಿನಲ್ಲಿ ಜನ ಸುಮಾರು 31 ಲಕ್ಷ, ಕುರಿ ಸುಮಾರು 90 ಲಕ್ಷ. ಪ್ರಜಾಪ್ರಭುತ್ವದ ದೃಷ್ಟಿಯಲ್ಲಿ ದಾರಿ ಯಾರದೆಂಬುದು ಸ್ಪಷ್ಟ. ಬೇಲಿಯಿಲ್ಲದ ಗೋಮಾಳದ ಬೆಟ್ಟಗಳಲ್ಲಿ ತನ್ನ ಮಂದೆ ಮೇಯುವ ಎಲ್ಲೆಯನ್ನು ಮರಿ ತಾಯಿಯಿಂದ ಕಲಿಯುತ್ತದೆ. ರಸ್ತೆಯೂ ಆ ಎಲ್ಲೆಯೊಳಗಿನದೇ. ಬೆನ್ನಿನ ಮೇಲಿನ ನೀಲಿ, ಕೆಂಪು ಬಣ್ಣದ ಗುರುತು ಒಡೆಯನನ್ನು ತಿಳಿಸುತ್ತದೆಯೇ ಹೊರತು ಉದ್ದೇಶವನ್ನಲ್ಲ.

ಕುರಿ ಮೂರು ಬಗೆ. ಡಾಂಬರಿನ ಬಿಸಿಗೆ ಮೈಯೊಡ್ಡಿ ಮಲಗಿದ್ದು ಉದಾಸೀನ. ಹಾರನ್ನಿಗೆ ಬಗ್ಗದು, ಸುತ್ತಿ ಹೋಗಬಹುದು. ಅಂಚಿನಲ್ಲಿ ತಲೆಯೆತ್ತಿ ನೋಡುವುದು ಸಂದಿಗ್ಧ, ವೇಗ ತಗ್ಗಿಸಬೇಕು. ರಸ್ತೆಯ ಈ ಬದಿಗೆ ತಾಯಿ, ಆ ಬದಿಗೆ ಮರಿ ಇದ್ದರೆ ಅದು ನಿಶ್ಚಿತ. ಸದ್ದು ಕೇಳಿದ್ದೇ ಮರಿ ತಾಯಿಯ ಕಡೆ ಓಡುತ್ತದೆ, ಅದೂ ಮುಂದಿನ ಗಾಲಿ ಹತ್ತಿರ ಬಂದ ಮೇಲೆ. ಇಲ್ಲಿ ತರ್ಕಕ್ಕೆ ಅವಕಾಶವಿಲ್ಲ, ಬ್ರೇಕಿಗೆ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಬೆಟ್ಟ ಹತ್ತುವವರು ಇದನ್ನು ಕಂಠಪಾಠ ಮಾಡತಕ್ಕದ್ದು.

ಎರಡನೆಯ ವಿಘ್ನ ಕ್ಯಾಟಲ್ ಗ್ರಿಡ್: ದನಕುರಿ ದಾಟದಂತೆ ಗುಂಡಿಯ ಮೇಲೆ ಅಡ್ಡಲಾಗಿ ಹಾಸಿದ ಕಬ್ಬಿಣದ ಸರಳುಗಳು. ಮಳೆಯಲ್ಲಿ ಅದನ್ನು ಹ್ಯಾಂಡಲ್ ನೇರವಿಟ್ಟು, ಬ್ರೇಕು ಮುಟ್ಟದೆ ದಾಟಬೇಕು. ಬೈಕು ವಾಲಿದ್ದಾಗ ಅದು ಎದುರಾದರೆ ಆಸ್ತಿಕರಿಗೂ ನಾಸ್ತಿಕರಿಗೂ ಒಂದೇ ಪ್ರಾರ್ಥನೆ.

ಮೂರನೆಯದು ಆಕಾಶದಿಂದ. ಮಹಂಥ್ಲೆತ್‌ನಿಂದ ಡಾಲ್‌ಗೆಥ್ಲಾಯ್‌ವರೆಗಿನ ಕಣಿವೆಗಳಲ್ಲಿ ಯುದ್ಧವಿಮಾನಗಳು ಕೆಳಮಟ್ಟದ ಹಾರಾಟ ಅಭ್ಯಾಸ ಮಾಡುತ್ತವೆ. ಬೆಟ್ಟದ ಪಕ್ಕೆಯಲ್ಲಿ ನಿಂತವರಿಗೆ ಪೈಲಟ್‌ನ ಹೆಲ್ಮೆಟ್ ಮೇಲಿನಿಂದ ಕಾಣುತ್ತದೆ. ಕಾಡೆರ್ ಇಡ್ರಿಸ್ ಬೆಟ್ಟದ ಬುಡದ ಎ487ರಲ್ಲಿ ತಾನೇ ಸದ್ದಿನ ಒಡೆಯನೆಂದು ಹೊರಟ ಧೀರೋದ್ಧತನಿಗೆ ಇಲ್ಲಿ ಗರ್ವಭಂಗ.

ನಾಲ್ಕನೆಯದು ರಾಜಾಜ್ಞೆ. ಒಂಟಿ ಪಥದ ಬೆಟ್ಟದ ರಸ್ತೆಯಲ್ಲಿಯೂ ಗಂಟೆಗೆ 60 ಮೈಲಿ ಹೋಗಲು ಕಾನೂನಿನ ಅನುಮತಿಯುಂಟು, ಆದರೆ ಪ್ರಾಯೋಗಿಕವಾಗಿ ಅದು ಕುದುರೆಗೆ ಕೊಂಬು ಬೆಳೆಸಿಕೊಳ್ಳಲು ಅನುಮತಿಯಿದ್ದಂತೆ. ಊರೊಳಗೆ 2023ರ ಸೆಪ್ಟೆಂಬರ್ 17ರಿಂದ 30ರ ಮಿತಿ 20ಕ್ಕೆ ಇಳಿಯಿತು. ವಿರೋಧದ ಮನವಿಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ರೆಬೆಕಾಳ ಹೆಣ್ಣುಮಕ್ಕಳ ವಂಶ ಅಳಿದಿಲ್ಲವೆಂದು ಇದರಿಂದ ಊಹ್ಯ.

ವಿಶ್ರಾಂತಿ ಪ್ರಕರಣ

ನಿಲ್ಲುವ ತಾಣಗಳಲ್ಲಿ ಎರಡನ್ನು ಹೇಳಿದರೆ ಸಾಕು. ಲಾನ್‌ಬೆರಿಸ್ ಘಾಟಿಯ ಬಳಿ ಪೆನ್-ಅ-ಗುರಿಡ್ ಎಂಬ ಹಳೆಯ ಹೋಟೆಲಿದೆ. 1953ರ ಎವರೆಸ್ಟ್ ತಂಡದವರು ಆಮ್ಲಜನಕದ ಸಲಕರಣೆ ಪರೀಕ್ಷಿಸಲು ಇಲ್ಲಿ ಬೀಡುಬಿಟ್ಟಿದ್ದರು. ಒಳಗಿನ ಸೂರಿನ ಮೇಲೆ ಅವರ ಸಹಿಗಳಿವೆ. ತಲೆಯೆತ್ತಿ ತೇನ್‌ಸಿಂಗರ ಹೆಸರು ಹುಡುಕುವಾಗ ಕೈಯಲ್ಲಿನ ಚಹಾ ಚೆಲ್ಲದಂತೆ ನೋಡಿಕೊಳ್ಳುವುದು.

ಅಲ್ಲಿಂದ ಎ498 ಹಿಡಿದು ನಾಂಟ್ ಗ್ವಿನಂಟ್ ಕಣಿವೆ ಇಳಿದರೆ ಬೆಥ್‌ಗೆಲರ್ಟ್. ಹಳ್ಳಿಯಾಚೆ ಮರದಡಿ ಗೆಲರ್ಟ್ ಎಂಬ ನಾಯಿಯ ಸಮಾಧಿ. ರಾಜಕುಮಾರ ಲವೆಲಿನ್ ಬೇಟೆಯಿಂದ ಬಂದಾಗ ತೊಟ್ಟಿಲು ಮಗುಚಿತ್ತು, ನಾಯಿಯ ಬಾಯಲ್ಲಿ ರಕ್ತ. ಮಗುವನ್ನು ಕೊಂದಿತೆಂದು ಕತ್ತಿಯಿಂದ ತಿವಿದ. ಆಮೇಲೆ ನೋಡಿದರೆ ಮಗು ನಗುತ್ತಿದೆ, ಪಕ್ಕದಲ್ಲಿ ತೋಳ ಸತ್ತುಬಿದ್ದಿದೆ. ಓದುಗರು ಮುಂದಿನದನ್ನು ನಾವು ಹೇಳುವ ಮೊದಲೇ ಹೇಳುವರು: ಇದು ಪಂಚತಂತ್ರದ ಮುಂಗುಸಿ. ಹಾವು ತೋಳವಾಗಿದೆ, ನೀರಿನ ಕೊಡ ಬೇಟೆಯಾಗಿದೆ, ದುಡುಕು ಹಾಗೆಯೇ ಇದೆ. ಭಾರತದ ಈ ಕಥೆ ಬಾಯಿಂದ ಬಾಯಿಗೆ, ಭಾಷೆಯಿಂದ ಭಾಷೆಗೆ ಪಶ್ಚಿಮಕ್ಕೆ ನಡೆದುದನ್ನು ಜಾನಪದ ವಿದ್ವಾಂಸರು ಗುರುತಿಸಿದ್ದಾರೆ. ಸಮಾಧಿಯನ್ನು 18ನೇ ಶತಮಾನದ ಕೊನೆಯ ಹೊತ್ತಿಗೆ ಊರಿನ ಗೋಟ್ ಹೋಟೆಲಿನ ಯಜಮಾನ ಡೇವಿಡ್ ಪ್ರಿಚರ್ಡ್ ಗಿರಾಕಿಗಳ ಸಲುವಾಗಿ ಏರ್ಪಡಿಸಿದನೆಂದು ಪ್ರಸಿದ್ಧಿ. ಇಡೀ ಈ ಸೀಮೆಯಲ್ಲಿ ಪ್ರವಾಸಿಗೆಂದೇ ಮಾಡಿದ ಪುರಾತನ ವಸ್ತು ಅದೊಂದೇ ಇರಬಹುದು. ಅದರಲ್ಲಿ ನಾಯಿ ಇಲ್ಲ.

ಪೂರ್ವಪಕ್ಷ ಮತ್ತು ಸಿದ್ಧಾಂತ

“ಏನಯ್ಯಾ ಶಾಸ್ತ್ರಿ,” ಎಂದು ಪೂರ್ವಪಕ್ಷಿ ಕೇಳುತ್ತಾನೆ, “ದನ ಹೊಡೆದವನೂ ಸುಣ್ಣ ಹೊತ್ತವನೂ ಹೋಗಿ ಯಾವ ಕಾಲವಾಯಿತು? ಈಗ ರಸ್ತೆ ನಮ್ಮದು. ನಮ್ಮ ಸುಖದಿಂದ ಯಾಕೆ ಅಳೆಯಬಾರದು?”

ಸಮಾಧಾನ: ಅಳೆಯಬಹುದು. ಆದರೆ ಆ ಸುಖ ಎಲ್ಲಿಂದ ಬಂತೆಂದು ನೋಡು. ಗೋಮಾರ್ಗದ ತಿರುವು ನಿನ್ನನ್ನು ಬೆಚ್ಚಿಸುವುದು ದನಕ್ಕೆ ಅವಸರವಿಲ್ಲದ್ದರಿಂದ. ಅಂಚೆಮಾರ್ಗ ನಿನ್ನನ್ನು ತೇಲಿಸುವುದು ಕುದುರೆಗೆ ದಣಿವಿದ್ದುದರಿಂದ. ಯಾತ್ರಾಮಾರ್ಗ ನಿನ್ನ ಕ್ಲಚ್ಚನ್ನು ಸುಡುವುದು ಭಕ್ತನಿಗೆ ದಣಿವೇ ಬೇಕಾಗಿದ್ದರಿಂದ. ಸಂತೋಷಕ್ಕೆಂದೇ ಎಂಜಿನಿಯರು ನಕ್ಷೆ ಬರೆದಿದ್ದರೆ ಈ ಆರೂ ಒಂದೇ ಥರ ಇರುತ್ತಿದ್ದವು. ಕೆಲಸವಿಲ್ಲದವನ ಸುಖಕ್ಕೆ ಕೆಲಸವಿದ್ದವರ ವೈವಿಧ್ಯವೇ ಬಂಡವಾಳ.

ಫಲಶ್ರುತಿ

ಈ ಸಂಗ್ರಹವನ್ನು ಓದಿದವರಿಗೆ ಮಳೆ ನಿಲ್ಲದು, ಪೆಟ್ರೋಲ್ ಅಗ್ಗವಾಗದು, ಕ್ಯಾಮೆರಾ ಕಣ್ಣು ಮುಚ್ಚದು. ಗಾಸ್ಪೆಲ್ ಪಾಸ್‌ನ ಒಂಟಿ ಪಥದಲ್ಲಿ ಹುಲ್ಲಿನ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಎದುರಾದಾಗ ಅದು ಅಡ್ಡಿಯಾಗಿ ಕಾಣದು, ಅಷ್ಟೇ. ಯಾರಿಗೆ ಕೆಲಸವಿದೆಯೋ ಅವರಿಗೆ ದಾರಿ ಎಂದು ತಿಳಿದು ಇವರೇ ಹಿಂದೆ ಸರಿದು, ದಾರಿ ಬಿಡುವ ಜಾಗಕ್ಕೆ ಬೈಕು ತಂದು, ಕಾಲೂರಿ, ಕೈಯೆತ್ತುವರು. ಟ್ರ್ಯಾಕ್ಟರಿನವನು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುವನು. ಆ ಸೀಮೆಯಲ್ಲಿ ಅದು ಪೂರ್ಣ ನಮಸ್ಕಾರ.

ಇಷ್ಟು ಫಲ ಸಾಲದೆನ್ನುವವರಿಗೆ ದಕ್ಷಿಣದಲ್ಲಿ ಎಂ4 ಹೆದ್ದಾರಿಯಿದೆ. ಅದರಲ್ಲಿ ಕುರಿಯಿಲ್ಲ, ಕಥೆಯಿಲ್ಲ, ಎದುರು ಬರುವವರಿಲ್ಲ.